ನೆಲದಡಿಯ ಬಿಸಿ: ಮನೆ ಬೆಚ್ಚಗಿಡುವ ಹಳೆಯ ವಿದ್ಯೆ, ಇಂದು ಪೈಪು ಹಾಸುವ ಕ್ರಮ

ಚಳಿದೇಶದಲ್ಲಿ ನೆಲದಡಿ ಬಿಸಿನೀರಿನ ಪೈಪು ಹಾಸಿರುವ ಮನೆಗೆ ಹೊಸದಾಗಿ ಬಂದವರಲ್ಲಿ ಎಷ್ಟೋ ಮಂದಿ ಮೊದಲ ವಾರವೇ ದೂರುತ್ತಾರೆ: ‘ನೆಲ ಬಿಸಿಯೇ ಆಗುತ್ತಿಲ್ಲ.’ ಕೋಣೆಯಲ್ಲಿ 20–21 ಡಿಗ್ರಿ ಇರುತ್ತದೆ, ಮೈಗೆ ಚಳಿಯೂ ಇಲ್ಲ, ಆದರೆ ಅಂಗಾಲಿಗೆ ಬಿಸಿ ತಾಕುವುದಿಲ್ಲ. ವ್ಯವಸ್ಥೆ ಸರಿಯಾಗಿದೆ ಎನ್ನುವುದಕ್ಕೆ ಅದೇ ಗುರುತು. ಚದರ ಮೀಟರಿಗೆ 60 ವ್ಯಾಟ್ ಶಾಖ ಬೇಡುವ ಕೋಣೆಯಲ್ಲಿ ನೆಲದ ಮೇಲ್ಮೈ ಸುಮಾರು 26 ಡಿಗ್ರಿ ಇದ್ದರೆ ಸಾಕು. ಗೋಡೆ, ಚಾವಣಿಗಳಿಗೆ ಒಳ್ಳೆಯ ಉಷ್ಣನಿರೋಧಕ ಹಾಕಿದ ಹೊಸ ಮನೆಗೆ 40 ವ್ಯಾಟ್ ಸಾಲುತ್ತದೆ. ಆಗ ನೆಲ 24 ಡಿಗ್ರಿ ಮಾತ್ರ. ಎರಡೂ ನಮ್ಮ ಚರ್ಮಕ್ಕಿಂತ ತಣ್ಣಗೇ. ಬಿಸಿ ಕಡಿಮೆ, ಹರವು ದೊಡ್ಡದು: ಈ ವಿದ್ಯೆಯ ತಿರುಳು ಇಷ್ಟೇ. ನೀರು ಎಷ್ಟು ತಣ್ಣಗಿದ್ದೂ ಮನೆ ಬೆಚ್ಚಗಿರುತ್ತದೋ ಕೆಲಸ ಅಷ್ಟು ಚೆನ್ನಾಗಿ ಆಗಿದೆ ಎಂದು ತಿಳಿಯಿರಿ. ಮುಂದೆ ಹೇಳುವ ಪೈಪಿನ ಅಂತರ, ಉದ್ದ, ಗಾರೆಯ ದಪ್ಪ ಎಲ್ಲವೂ ಅದಕ್ಕಾಗಿಯೇ.

ಗಾಳಿಯೂ ಗೋಡೆಯೂ

ನಮ್ಮ ಮೈಯ ಶಾಖ ಸುತ್ತಲಿನ ಗಾಳಿಗೆ ಹೋಗುವಂತೆಯೇ ಕಣ್ಣಿಗೆ ಕಾಣದ ಕಿರಣಗಳಾಗಿ ಎದುರಿನ ಗೋಡೆ, ಕಿಟಕಿ, ನೆಲಗಳಿಗೂ ಹೋಗುತ್ತದೆ. ಗಾಳಿ ಅಲುಗಾಡದ ಕೋಣೆಯಲ್ಲಿ ಮೈಗೆ ಅನ್ನಿಸುವ ಉಷ್ಣತೆ ಗಾಳಿಯ ಉಷ್ಣತೆ ಮತ್ತು ಸುತ್ತಲ ಮೇಲ್ಮೈಗಳ ಉಷ್ಣತೆ, ಇವೆರಡರ ಸರಾಸರಿಗೆ ಹತ್ತಿರ. ಗಾಳಿ 22 ಡಿಗ್ರಿ ಇದ್ದು ಗೋಡೆ ಕಿಟಕಿಗಳು ಸರಾಸರಿ 17 ಇದ್ದರೆ ಮೈಗೆ 19.5 ಅನ್ನಿಸುತ್ತದೆ. ಗಾಳಿ 20 ಇದ್ದು ಸುತ್ತಲ ಮೇಲ್ಮೈಗಳು 22 ಇದ್ದರೆ 21. ಥರ್ಮಾಮೀಟರ್ ಕಡಿಮೆ ತೋರಿಸುವ ಮನೆಯೇ ಹೆಚ್ಚು ಬೆಚ್ಚಗೆ!

ಬಿಸಿಗಾಳಿ ಊದುವ ವ್ಯವಸ್ಥೆಯಲ್ಲಿ ಬೆಚ್ಚನೆಯ ಗಾಳಿ ಸೀಲಿಂಗಿಗೆ ಏರಿ ಕೂರುತ್ತದೆ. ತಲೆ ಬೆಚ್ಚಗೆ, ಕಾಲು ತಣ್ಣಗೆ. ನೆಲ ಬಿಸಿಯಾದಾಗ ಅದು ಹೊಮ್ಮಿಸುವ ಶಾಖದಲ್ಲಿ ಸುಮಾರು ಅರ್ಧ ಕಿರಣವಾಗಿ ಎಲ್ಲ ದಿಕ್ಕಿಗೂ ಹೋಗಿ ಗೋಡೆ, ಮೇಜು, ಮನುಷ್ಯರನ್ನು ನೇರವಾಗಿ ತಲುಪುತ್ತದೆ. ಉಳಿದರ್ಧ ನೆಲಕ್ಕೆ ತಾಗಿದ ಗಾಳಿಗೆ ಸೇರುತ್ತದೆ. ಫ್ಯಾನಿನ ಸದ್ದಿಲ್ಲ, ಧೂಳು ಕದಡುವುದು ಕಡಿಮೆ, ಗೋಡೆಯ ಪಕ್ಕದ ಜಾಗವೂ ಖಾಲಿ. ಬರಿಗಾಲಲ್ಲಿ ಓಡಾಡುವ, ನೆಲದ ಮೇಲೆ ಕೂತು ಉಣ್ಣುವ, ಪೂಜೆಗೆ ಕೂರುವ ನಮ್ಮ ಮನೆಗಳಿಗೆ ಇದು ಹೇಳಿಮಾಡಿಸಿದ ಹಾಗಿದೆ. ಟೊರಾಂಟೊ, ಮ್ಯೂನಿಕ್, ಮಿನಿಯಾಪೊಲಿಸ್ ಎಂದು ನೆಲೆಸಿ ಮನೆ ಕಟ್ಟಿಸುತ್ತಿರುವ ಕನ್ನಡಿಗರು ನೆಲಕ್ಕೆ ಗಾರೆ ಬೀಳುವ ಮೊದಲೇ ಈ ವಿಷಯ ಯೋಚಿಸಬೇಕು. ಆಮೇಲೆ ಮಾಡಿಸುವುದು ಬಹಳ ದುಬಾರಿ.

ಹಿಂದಿನವರು ಮಾಡಿದ್ದು

ರೋಮನ್ನರ ಸ್ನಾನಗೃಹಗಳಲ್ಲಿ ನೆಲವನ್ನು ಸುಮಾರು 60 ಸೆಂ.ಮೀ. ಎತ್ತರದ ಇಟ್ಟಿಗೆ ಕಂಬಗಳ ಮೇಲೆ ನಿಲ್ಲಿಸುತ್ತಿದ್ದರು. ಗೋಡೆಯಾಚೆಗಿನ ಒಲೆಯ ಬಿಸಿಗಾಳಿ, ಹೊಗೆ ಆ ಕಂಬಗಳ ನಡುವೆ ಹರಿದು, ಗೋಡೆಯೊಳಗೆ ಜೋಡಿಸಿದ ಟೊಳ್ಳು ಇಟ್ಟಿಗೆಗಳ ಮೂಲಕ ಮೇಲೆ ಹೋಗುತ್ತಿತ್ತು. ನೆಲವೂ ಬಿಸಿ, ಗೋಡೆಯೂ ಬಿಸಿ. ಹೈಪೊಕಾಸ್ಟ್ ಎಂದು ಅದರ ಹೆಸರು. ಕೊರಿಯಾದ ಒಂದೋಲ್ ಇನ್ನೂ ಜಾಣತನದ್ದು: ಅಡುಗೆ ಒಲೆಯ ಹೊಗೆಯನ್ನೇ ಪಕ್ಕದ ಮಲಗುವ ಕೋಣೆಯ ಕಲ್ಲು ಚಪ್ಪಡಿಗಳ ಅಡಿಯಲ್ಲಿ ಹಾಯಿಸಿ, ಆಚೆ ತುದಿಯಲ್ಲಿ ಚಿಮಣಿಗೆ ಬಿಡುವುದು. ಒಲೆಯ ಹತ್ತಿರದ ಭಾಗ ಕಾದು ಹೋಗದಂತೆ ಅಲ್ಲಿಗೆ ದಪ್ಪ ಕಲ್ಲು, ದೂರಕ್ಕೆ ತೆಳ್ಳಗಿನದು. ಹಾಗಿದ್ದೂ ಒಲೆಯ ಕಡೆಯ ಮೂಲೆ ಹೆಚ್ಚು ಬಿಸಿ. ಅಲ್ಲಿನ ನೆಲಗಾಗದ ಕಂದಿ ಹೋಗುತ್ತಿತ್ತು, ಮನೆಯ ಹಿರಿಯರ ಜಾಗವೂ ಅದೇ. ಇಪ್ಪತ್ತನೇ ಶತಮಾನದಲ್ಲಿ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆ ಬಂದಾಗ ನೆಲದ ಬಿರುಕುಗಳಿಂದ ಕಾರ್ಬನ್ ಮಾನಾಕ್ಸೈಡ್ ಮೇಲೆ ಬಂದು ಅನೇಕರು ನಿದ್ದೆಯಲ್ಲೇ ಸತ್ತರು. ಇಂದು ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಹೊಗೆಯ ಜಾಗಕ್ಕೆ ಬಿಸಿನೀರಿನ ಪೈಪು ಬಂದಿದೆ. ನಮ್ಮ ದೇಶದಲ್ಲೇ ನೋಡಬೇಕೆಂದರೆ ಕಾಶ್ಮೀರದ ಹಮಾಮ್ ಇದೆ: ಮನೆಗಳಲ್ಲೂ ಮಸೀದಿಗಳಲ್ಲೂ ಕಲ್ಲು ಚಪ್ಪಡಿಯ ನೆಲ, ಅದರಡಿ ಹೊರಗಿನಿಂದ ಸೌದೆ ಹಾಕುವ ಬಾಯಿ, ಅದೇ ಬೆಂಕಿಗೆ ಕಾಯುವ ತಾಮ್ರದ ಹಂಡೆ.

ಯುರೋಪ್ ಬಹುಕಾಲ ಗೋಡೆಯೊಳಗಿನ ಅಗ್ಗಿಷ್ಟಿಕೆಗೆ ಜೋತುಬಿತ್ತು. ಅದರ ಮುಂದೆ ಕೂತರೆ ಎದೆಗೆ ಸುಡು, ಬೆನ್ನಿಗೆ ಚಳಿ. ಹೆಚ್ಚಿನ ಶಾಖ ಚಿಮಣಿಯಲ್ಲಿ ಆಕಾಶದ ಪಾಲು. 1767ರಲ್ಲಿ ಸ್ವೀಡನ್ನಿನ ಕಾರ್ಲ್ ಯೋಹಾನ್ ಕ್ರೂನ್‌ಸ್ಟೆಟ್ ಸೌದೆ ಉಳಿಸಲೆಂದು ರೂಪಿಸಿದ ಹೆಂಚಿನ ಒಲೆಯಲ್ಲಿ ಹೊಗೆ ಐದು ಕೊಳವೆಗಳಲ್ಲಿ ಹತ್ತಿ ಇಳಿದು ತನ್ನ ಬಿಸಿಯನ್ನೆಲ್ಲ ಇಟ್ಟಿಗೆಗೆ ಕೊಟ್ಟು ಹೋಗುತ್ತಿತ್ತು. ಒಂದೆರಡು ಗಂಟೆ ಉರಿಸಿದರೆ ಬಹಳ ಹೊತ್ತು ಮಂದವಾದ, ಹಿತವಾದ ಶಾಖ. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ರಾಂಟ್ಸ್ ಸಾನ್ ಗಾಲಿ ಎರಕದ ಕಬ್ಬಿಣದ ರೇಡಿಯೇಟರ್ ತಂದ. ಹೆಸರು ವಿಕಿರಣದ್ದಾದರೂ ಇಂದಿನ ರೇಡಿಯೇಟರುಗಳು ಹೆಚ್ಚಾಗಿ ಕಾಯಿಸುವುದು ಗಾಳಿಯನ್ನು.

ಆಧುನಿಕ ನೆಲದ ಬಿಸಿಗೆ ಅಮೆರಿಕದಲ್ಲಿ ಹೆಸರು ತಂದವನು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಜಪಾನಿನಲ್ಲಿ ಕೊರಿಯಾ ಮಾದರಿಯ ಕೋಣೆಯೊಂದರ ಬೆಚ್ಚನೆ ನೆಲವನ್ನು ಕಂಡಿದ್ದ ಆತ 1937ರ ಜೇಕಬ್ಸ್ ಮನೆಗೆ ಕಾಂಕ್ರೀಟ್ ನೆಲದಡಿ ಪೈಪು ಹಾಕಿಸಿದ. 1947ರಿಂದ ನ್ಯೂಯಾರ್ಕ್ ಬಳಿಯ ಲೆವಿಟೌನ್‌ನ ಸಾವಿರಾರು ಮನೆಗಳ ಕಾಂಕ್ರೀಟಿನಲ್ಲಿ ತಾಮ್ರದ ಪೈಪು ಹುದುಗಿತು. ಕಾಲಕ್ರಮೇಣ ಅಲ್ಲಲ್ಲಿ ಸೋರತೊಡಗಿತು. ಸೋರಿದ ಜಾಗ ಹುಡುಕಲು ನೆಲ ಒಡೆಯಬೇಕು. ಹಲವರು ನೆಲದ ಪೈಪು ಕೈಬಿಟ್ಟು ಗೋಡೆಯಂಚಿನ ಹೀಟರಿಗೆ ಹೋದರು. ಈ ವಿದ್ಯೆಯ ಮೇಲೆ ಮತ್ತೆ ನಂಬಿಕೆ ಹುಟ್ಟಿದ್ದು ಜರ್ಮನಿಯ ಥಾಮಸ್ ಎಂಗೆಲ್ 1960ರ ದಶಕದ ಕೊನೆಯಲ್ಲಿ ಅಡ್ಡಬಂಧಗಳ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ, ಅಂದರೆ ಪೆಕ್ಸ್ ಪೈಪು ಮಾಡುವ ದಾರಿ ತೋರಿಸಿದ ಮೇಲೆ. ಅದು ತುಕ್ಕು ಹಿಡಿಯುವುದಿಲ್ಲ. ನೂರಾರು ಮೀಟರ್ ಸುರುಳಿಯಾಗಿ ಸಿಗುವುದರಿಂದ ನೆಲದೊಳಗೆ ಜೋಡಣೆಯೂ ಬೇಕಿಲ್ಲ.

ಮೊದಲು ಲೆಕ್ಕ

ಪ್ರತಿ ಕೋಣೆಯೂ ಊರಿನ ಅತಿ ಚಳಿಯ ದಿನ ಎಷ್ಟು ವ್ಯಾಟ್ ಕಳೆದುಕೊಳ್ಳುತ್ತದೆ ಎಂಬ ಲೆಕ್ಕವಿಲ್ಲದೆ ಪೈಪು ಕೊಳ್ಳಬೇಡಿ. ಇದನ್ನು ಎಂಜಿನಿಯರರಿಂದ ಕೋಣೆವಾರು ಬರೆಸಿಕೊಳ್ಳಿ. ಯುರೋಪಿನ ಇಎನ್ 1264 ಮಾನದಂಡ ಓಡಾಡುವ ಜಾಗದ ನೆಲಕ್ಕೆ 29 ಡಿಗ್ರಿ, ಸ್ನಾನದ ಮನೆಗೆ 33, ಹೊರಗೋಡೆಯಂಚಿನ ಒಂದು ಮೀಟರ್ ಪಟ್ಟಿಗೆ 35 ಡಿಗ್ರಿಯ ಮಿತಿ ಹಾಕಿದೆ. 29 ಡಿಗ್ರಿಯ ನೆಲ 20 ಡಿಗ್ರಿಯ ಕೋಣೆಗೆ ಕೊಡಬಲ್ಲದ್ದು ಚದರ ಮೀಟರಿಗೆ ಸುಮಾರು 100 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕೋಣೆಗೆ ಮೊದಲು ಕಿಟಕಿ, ಚಾವಣಿ ಸರಿಮಾಡಿಸಿ; ಪೈಪು ಹೆಚ್ಚಿಸಿ ಪ್ರಯೋಜನವಿಲ್ಲ.

5×4 ಮೀಟರಿನ ಒಂದು ಕೋಣೆ ತೆಗೆದುಕೊಳ್ಳೋಣ: 20 ಚದರ ಮೀಟರ್, 60 ವ್ಯಾಟಿನಂತೆ 1200 ವ್ಯಾಟ್. 16 ಮಿ.ಮೀ. ಹೊರವ್ಯಾಸ, 2 ಮಿ.ಮೀ. ದಪ್ಪದ ಪೈಪನ್ನು 150 ಮಿ.ಮೀ. ಅಂತರದಲ್ಲಿ ಹಾಸಿದರೆ ಚದರ ಮೀಟರಿಗೆ ಸುಮಾರು 6.7 ಮೀಟರ್ ಬೇಕು, ಒಟ್ಟು 133 ಮೀಟರ್. ಈ ಪೈಪಿನಲ್ಲಿ ಒಂದು ಸುತ್ತು 100 ಮೀಟರ್ ದಾಟಬಾರದು. ದಾಟಿದರೆ ಪಂಪು ತಳ್ಳಲು ತಿಣುಕುತ್ತದೆ, ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ. ಹಾಗಾಗಿ ಎರಡು ಸುತ್ತು ಮಾಡಿ, ಒಂದೊಂದೂ 67 ಮೀಟರ್. ಮ್ಯಾನಿಫೋಲ್ಡ್, ಅಂದರೆ ಎಲ್ಲ ಸುತ್ತುಗಳ ಎರಡೂ ತುದಿ ಬಂದು ಸೇರುವ ಕವಾಟದ ಜೋಡಿ, 6 ಮೀಟರ್ ದೂರವಿದ್ದರೆ ಹೋಗಿಬರಲು 12 ಸೇರಿ 79 ಮೀಟರ್. ಎರಡೂ ಸುತ್ತು ಹೆಚ್ಚುಕಡಿಮೆ ಸಮ ಉದ್ದ ಇರಲಿ.

ನೀರಿನ ಹರಿವಿಗೆ ಸುಲಭ ಸೂತ್ರ: ವ್ಯಾಟನ್ನು 70ರಿಂದಲೂ, ಹೋಗುವ ನೀರಿಗೂ ಮರಳುವ ನೀರಿಗೂ ಇರುವ ಉಷ್ಣತೆಯ ವ್ಯತ್ಯಾಸದಿಂದಲೂ ಭಾಗಿಸಿ. ವ್ಯತ್ಯಾಸ 5 ಡಿಗ್ರಿ ಇಟ್ಟರೆ 1200 ÷ 350, ಅಂದರೆ ನಿಮಿಷಕ್ಕೆ 3.4 ಲೀಟರ್, ಸುತ್ತಿಗೆ 1.7.

ನೆಲಕ್ಕೆ ಏನು ಹಾಸುತ್ತೀರಿ ಎನ್ನುವುದನ್ನೂ ಈಗಲೇ ತೀರ್ಮಾನಿಸಿ. ಇದೇ ಕೋಣೆಗೆ ಟೈಲ್ಸ್ ಅಥವಾ ಕಲ್ಲು ಹಾಕಿದರೆ ಸುಮಾರು 35 ಡಿಗ್ರಿಯ ನೀರು ಸಾಕು. ಮರದ ಹಲಗೆಗೆ 40ರ ಆಸುಪಾಸು, ದಪ್ಪ ಕಾರ್ಪೆಟ್ಟಿಗೆ 45. ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಅಥವಾ ಮಣ್ಣಿನ ಶಾಖವನ್ನು ವಿದ್ಯುತ್ತಿನಿಂದ ಎಳೆದು ನೀರು ಕಾಯಿಸುವ ಯಂತ್ರ, ಇರುವವರಿಗೆ ನೀರಿನ ಒಂದೊಂದು ಡಿಗ್ರಿಯೂ ಶೇ. 2ರಿಂದ 3ರಷ್ಟು ವಿದ್ಯುತ್ತಿನ ಬೆಲೆಯದು. ಟೈಲ್ಸ್ ಬಿಟ್ಟು ಕಾರ್ಪೆಟ್ ಆರಿಸಿಕೊಂಡವರು ಪ್ರತಿ ಚಳಿಗಾಲವೂ ಅದಕ್ಕೆ ತೆರಬೇಕು.

ಪೈಪು ಹಾಸುವುದು

ಕಾಂಕ್ರೀಟ್ ನೆಲವನ್ನು ಗುಡಿಸಿ, ಉಬ್ಬು ಕೆತ್ತಿ, ಗುಂಡಿ ತುಂಬಿ ಮಟ್ಟಮಾಡಿ. ಮಣ್ಣಿನ ಮೇಲಿನ ನೆಲವಾದರೆ ಮೊದಲು ತೇವ ತಡೆಯುವ ಪದರ. ನಂತರ ಉಷ್ಣನಿರೋಧಕ ಹಲಗೆ. ಪ್ಯಾಕಿಂಗಿಗೆ ಬರುವ ಮೆತ್ತನೆಯ ಥರ್ಮೋಕೋಲ್ ಇಲ್ಲಿಗೆ ಬೇಡ. ನೆಲದ ಭಾರ ಹೊರುವಂತೆ ತಯಾರಿಸಿದ ಗಟ್ಟಿ ಫೋಮ್ ಹಲಗೆಯೇ ಬೇಕು. ಮಾನದಂಡದ ಕನಿಷ್ಠಕ್ಕೆ 45 ಮಿ.ಮೀ. ಸಾಲುತ್ತದಾದರೂ ಮಣ್ಣಿನ ಮೇಲಿನ ನೆಲಕ್ಕೆ 100 ಮಿ.ಮೀ.ಗಿಂತ ಕಡಿಮೆ ಹಾಕಬೇಡಿ. ಎರಡು ಪದರವಾಗಿ, ಕೂಡುಗೆರೆಗಳು ಒಂದರ ಮೇಲೊಂದು ಬೀಳದಂತೆ ಜೋಡಿಸಿ. ಇಲ್ಲಿ ಉಳಿಸಿದ ಹಣ ಭೂಮಿಯನ್ನು ಬಿಸಿಮಾಡುವುದಕ್ಕೆ ಖರ್ಚಾಗುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ.

ಸುತ್ತಲ ಗೋಡೆಗೆ 10 ಮಿ.ಮೀ. ದಪ್ಪದ ಫೋಮ್ ಪಟ್ಟಿ ಅಂಟಿಸಿ. ಬಿಸಿಗೆ ಹಿಗ್ಗುವ ಗಾರೆಗೆ ಇದು ಜಾಗ ಕೊಡುತ್ತದೆ. ಟೈಲ್ಸ್ ಹಾಕಿ ಸಂದು ತುಂಬುವವರೆಗೆ ಅದರ ಮೇಲಂಚು ಕತ್ತರಿಸಬಾರದು. ಮೇಸ್ತ್ರಿಗಳು ಚಂದಕ್ಕೆಂದು ಮೊದಲೇ ಕೊಯ್ದುಬಿಡುತ್ತಾರೆ. ಟೈಲ್ಸ್ ಗಾರೆ ಆ ಸಂದಿಗೆ ಇಳಿದು ಗೋಡೆ ನೆಲಗಳನ್ನು ಬೆಸೆದರೆ ಬಿರುಕು ಖಂಡಿತ. ಹಲಗೆಯ ಮೇಲೆ 0.2 ಮಿ.ಮೀ. ಪ್ಲಾಸ್ಟಿಕ್ ಹಾಳೆ, 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಹಾಸಿ ಟೇಪು ಹಚ್ಚಿ.

ಪೈಪಿನ ಮೇಲೆ ‘ಆಮ್ಲಜನಕ ತಡೆ’ ಎಂಬ ಗುರುತು ಇದೆಯೇ ನೋಡಿ. ಆ ಪದರವಿಲ್ಲದ ಪ್ಲಾಸ್ಟಿಕ್ಕಿನ ಮೂಲಕ ಗಾಳಿಯ ಆಮ್ಲಜನಕ ನೀರಿಗೆ ಇಳಿಯುತ್ತದೆ, ಪಂಪು ಬಾಯ್ಲರುಗಳ ಉಕ್ಕು ತುಕ್ಕು ಹಿಡಿಯುತ್ತದೆ, ಆ ಕಪ್ಪು ಕೆಸರಿನಿಂದ ಸುತ್ತುಗಳು ಕಟ್ಟಿಕೊಳ್ಳುತ್ತವೆ.

ಹಾಸುವ ರೀತಿಯಲ್ಲಿ ಸುರುಳಿಯೇ ಮೇಲು: ಹೋಗುವ ಪೈಪು ಒಳಕ್ಕೆ ಸುತ್ತಿ, ನಡುವೆ ತಿರುಗಿ, ಅದರ ಪಕ್ಕದಲ್ಲೇ ಹೊರಗೆ ಬರುತ್ತದೆ. ಬಿಸಿ ಪೈಪಿನ ಪಕ್ಕ ತಣ್ಣಗಿನದು ಇರುವುದರಿಂದ ನೆಲವೆಲ್ಲ ಒಂದೇ ಹದ. ಹಾವಿನಂತೆ ಹೋಗಿಬರುವ ಸಾಲಿನಲ್ಲಿ ಒಂದು ಬದಿ ಬಿಸಿ, ಇನ್ನೊಂದು ತಣ್ಣಗೆ. ಜೊತೆಗೆ ತಿರುವು ಬಿಗಿ. 16 ಮಿ.ಮೀ. ಪೈಪನ್ನು 80 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಮಡಿಕೆ ಬೀಳುತ್ತದೆ. ಗೋಡೆಯಿಂದ 50 ಮಿ.ಮೀ., ಚಿಮಣಿಯಿಂದ 200 ಮಿ.ಮೀ. ದೂರ ಬಿಡಿ. ದೊಡ್ಡ ಕಿಟಕಿಯ ಕೆಳಗಿನ ಮೀಟರ್ ಅಗಲಕ್ಕೆ ಅಂತರವನ್ನು 100 ಮಿ.ಮೀ.ಗೆ ಇಳಿಸಿ. ಅರ್ಧ ಮೀಟರಿಗೊಂದು ಕ್ಲಿಪ್, ತಿರುವಿನಲ್ಲಿ ಇನ್ನೂ ಹತ್ತಿರ. ಇಲ್ಲದಿದ್ದರೆ ಗಾರೆ ಬಿದ್ದಾಗ ಪೈಪು ತೇಲಿ ಮೇಲೆ ಬರುತ್ತದೆ. ನೆಲದೊಳಗೆ ಒಂದೇ ಒಂದು ಜೋಡಣೆಯೂ ಬೇಡ. ಉಳಿದ ತುಂಡುಗಳನ್ನು ಸೇರಿಸಿ ಒಂದು ಸುತ್ತು ಮಾಡಿಬಿಡೋಣ ಎನ್ನುವ ಪ್ಲಂಬರನ್ನು ಅಲ್ಲೇ ತಡೆಯಿರಿ.

ಅಡುಗೆಮನೆಯ ಕಪಾಟು, ಕಾಲಿಲ್ಲದ ವಾರ್ಡ್‌ರೋಬು, ದೇವರ ಮಂಟಪದ ಅಡಿಗೆ ಪೈಪು ಬೇಡ. ಅಕ್ಕಿ ಬೇಳೆ ಇಡುವ ಉಗ್ರಾಣದ ಅಡಿಯಂತೂ ಬೇಡವೇ ಬೇಡ, ಬೆಚ್ಚನೆ ನೆಲದ ಮೇಲಿನ ಮೂಟೆಗೆ ಹುಳ ಬೇಗ ಬೀಳುತ್ತದೆ. ಎಲ್ಲ ಹಾಸಿದ ಮೇಲೆ, ಅಳತೆಪಟ್ಟಿ ನೆಲದ ಮೇಲಿಟ್ಟು ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಮುಂದೆ ಬಾಗಿಲ ತಡೆಗೋ ಕಮೋಡಿಗೋ ನೆಲ ಕೊರೆಯುವವರಿಗೆ ಅದೇ ನಕ್ಷೆ.

ಒತ್ತಡ, ಗಾರೆ, ಮೊದಲ ಬಿಸಿ

ನೀರು ತುಂಬುವಾಗ ಎಲ್ಲ ಸುತ್ತುಗಳನ್ನೂ ಮುಚ್ಚಿ ಒಂದೊಂದನ್ನೇ ತೆರೆಯಿರಿ. ಮರಳುವ ತುದಿಯಲ್ಲಿ ಗುಳ್ಳೆ ನಿಂತು ನೀರು ಸಲೀಸಾಗಿ ಬರುವವರೆಗೆ ಬಿಟ್ಟು, ಅದನ್ನು ಮುಚ್ಚಿ ಮುಂದಿನದಕ್ಕೆ ಹೋಗಿ. ಎಲ್ಲ ಒಟ್ಟಿಗೆ ತೆರೆದರೆ ನೀರು ಚಿಕ್ಕ ಸುತ್ತಿನಲ್ಲಿ ಓಡಿ, ಉದ್ದದ್ದರಲ್ಲಿ ಗಾಳಿ ಉಳಿಯುತ್ತದೆ. ಬಳಿಕ 4ರಿಂದ 6 ಬಾರ್ ಒತ್ತಡಕ್ಕೆ ಏರಿಸಿ. ಹೊಸ ಪೈಪು ಸ್ವಲ್ಪ ಹಿಗ್ಗುವುದರಿಂದ ಮುಳ್ಳು ಮೊದಲು ಇಳಿಯುತ್ತದೆ. ಮತ್ತೆ ಏರಿಸಿ ಗಮನಿಸಿ. ಗಾರೆ ಹಾಕುವಾಗಲೂ ಒತ್ತಡ ಹಾಗೇ ಇರಲಿ, ಗೇಜು ಕಾಣುವ ಹಾಗಿರಲಿ: ಯಾರದೋ ಸಲಿಕೆ ತಾಗಿದರೆ ಆ ಕ್ಷಣವೇ ಗೊತ್ತಾಗುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಿದ್ದು ಕಟ್ಟಡ ಬಿಸಿಯಿಲ್ಲದಿದ್ದರೆ ಪೈಪಿನಲ್ಲಿ ಬರೀ ನೀರು ಬಿಟ್ಟು ಹೋಗಬೇಡಿ.

ಸಿಮೆಂಟ್ ಗಾರೆ ಪೈಪಿನ ಮೇಲೆ 45 ಮಿ.ಮೀ. ಇರಬೇಕು, ಒಟ್ಟು ಸುಮಾರು 65. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ದಪ್ಪ ಮರಳು. ನೀರು ಕಡಿಮೆ ಇಟ್ಟು, ಪೈಪಿನ ಸುತ್ತ ಪೊಳ್ಳು ಉಳಿಯದಂತೆ ಹರಿಯಲು ಪ್ಲಾಸ್ಟಿಸೈಜರ್ ಬೆರೆಸಿ. ಪೊಳ್ಳು ಉಳಿದ ಕಡೆ ಬಿಸಿ ದಾಟುವುದಿಲ್ಲ. ಒಂದು ತುಂಡು 40 ಚದರ ಮೀಟರ್, ಒಂದು ಬದಿ 8 ಮೀಟರ್ ಮೀರದಂತೆ ಸಂದು ಬಿಡಿ; ಬಾಗಿಲುಗಳಲ್ಲೂ ಸಂದು ಬೇಕು. ಸಂದು ದಾಟುವ ಪೈಪಿಗೆ ಸುಮಾರು 30 ಸೆಂ.ಮೀ. ಉದ್ದದ ತೊಡಿಗೆ ಕೊಳವೆ ಹಾಕಿ.

ಗಾರೆ ಬೇಗ ಒಣಗಲೆಂದು ಬಿಸಿನೀರು ಬಿಡುವ ಆತುರ ಅನೇಕ ನೆಲಗಳನ್ನು ಸೀಳಿದೆ. ಸಿಮೆಂಟ್ ಗಾರೆಗೆ 21 ದಿನ ಕಾಯಲೇಬೇಕು. ಆಮೇಲೆ ಮೂರು ದಿನ 20–25 ಡಿಗ್ರಿಯ ನೀರು, ಅನಂತರ ನಾಲ್ಕು ದಿನ ಲೆಕ್ಕದಲ್ಲಿ ಬಂದ ಗರಿಷ್ಠ ಉಷ್ಣತೆಯ ನೀರು, ರಾತ್ರಿಯೂ ಇಳಿಸದೆ. ಮರ ಹಾಸುವುದಾದರೆ ಗಾರೆಯ ತೇವವನ್ನು ಕಾರ್ಬೈಡ್ ವಿಧಾನದಲ್ಲಿ (ಗಾರೆಯ ಚೂರಿಗೆ ಕಾರ್ಬೈಡ್ ಬೆರೆಸಿ, ಹುಟ್ಟುವ ಅನಿಲದಿಂದ ತೇವ ತಿಳಿಯುವುದು) ಅಳೆಸಿ, ಶೇ. 1.8ಕ್ಕೆ ಇಳಿಯುವ ಮುಂಚೆ ಹಲಗೆ ಹಾಕಿದರೆ ಅದು ಉಬ್ಬುತ್ತದೆ.

ಹದಕ್ಕೆ ತರುವುದು

ಬಾಯ್ಲರ್ 60–70 ಡಿಗ್ರಿಯ ನೀರು ಕೊಡುವಂಥದಾದರೆ ಅದಕ್ಕೆ ಮರಳಿದ ತಣ್ಣಗಿನ ನೀರನ್ನು ಬೆರೆಸುವ ಮಿಶ್ರಣ ಕವಾಟ ಬೇಕು, ಅದರ ಜೊತೆಗೆ 55 ಡಿಗ್ರಿಗೆ ಪಂಪು ನಿಲ್ಲಿಸುವ ಸುರಕ್ಷಾ ಥರ್ಮೋಸ್ಟಾಟ್ ಕೂಡ. ಹೀಟ್ ಪಂಪ್ 35 ಡಿಗ್ರಿಯ ನೀರನ್ನು ನೇರ ಕೊಡಬಲ್ಲದಾದ್ದರಿಂದ ಅಲ್ಲಿ ಮಿಶ್ರಣ ಕವಾಟ ಬೇಡ.

ಮ್ಯಾನಿಫೋಲ್ಡಿನ ಪ್ರತಿ ಸುತ್ತಿಗೂ ಹರಿವು ತೋರಿಸುವ ಗಾಜು ಇರುತ್ತದೆ. ಎಲ್ಲ ಕೋಣೆಯ ಥರ್ಮೋಸ್ಟಾಟುಗಳನ್ನೂ ಮೇಲಕ್ಕೇರಿಸಿ ಕವಾಟಗಳು ಪೂರ್ತಿ ತೆರೆದಿರುವಾಗ ಲೆಕ್ಕದ ಹರಿವಿಗೆ ಹೊಂದಿಸಿ. ನಮ್ಮ ಉದಾಹರಣೆಗೆ 1.7 ಲೀಟರ್. ಒಂದನ್ನು ತಿರುವಿದರೆ ಉಳಿದವು ಬದಲಾಗುತ್ತವೆ, ಆದ್ದರಿಂದ ಎರಡು ಮೂರು ಸಲ ನೋಡಬೇಕು. ಬಳಿಕ ಒಂದಿಡೀ ದಿನ ಮುಟ್ಟಬೇಡಿ. 65 ಮಿ.ಮೀ. ಗಾರೆ ಚದರ ಮೀಟರಿಗೆ 130 ಕೆ.ಜಿ. ತೂಗುತ್ತದೆ, ಅದನ್ನು 5 ಡಿಗ್ರಿ ಏರಿಸಲು ಸುಮಾರು 180 ವ್ಯಾಟ್-ಗಂಟೆ, ಅಂದರೆ 60 ವ್ಯಾಟಿನಲ್ಲಿ ಮೂರು ಗಂಟೆ ಬೇಕು, ಕೋಣೆಯ ನಷ್ಟ ಬೇರೆ. ಹೊರಗೆ ಹೋಗುವಾಗ ಆರಿಸಿ ಬಂದಾಗ ಹಚ್ಚುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ರಾತ್ರಿ ಇಳಿಸುವುದಿದ್ದರೆ ಒಂದೆರಡು ಡಿಗ್ರಿ ಸಾಕು. ನೀರಿನ ಉಷ್ಣತೆಯನ್ನು ಹೊರಗಿನ ಹವೆಗೆ ತಕ್ಕಂತೆ ಬದಲಿಸುವ ನಿಯಂತ್ರಕ ಇದ್ದರೆ, ಎಲ್ಲ ಕೋಣೆಗಳೂ ಬೆಚ್ಚಗಿರುವವರೆಗೆ ವಾರಕ್ಕೊಂದು ಡಿಗ್ರಿಯಂತೆ ಅದನ್ನು ಕೆಳಗಿಳಿಸುತ್ತಾ ಹೋಗಿ, ಚಳಿ ಅನ್ನಿಸಿದಲ್ಲಿ ಒಂದು ಡಿಗ್ರಿ ಹಿಂದಕ್ಕೆ ಬನ್ನಿ.

ಒಂದು ಕೋಣೆ ಮಾತ್ರ ತಣ್ಣಗಿದ್ದರೆ ಮೊದಲು ಗಾಜಿನಲ್ಲಿ ಹರಿವು ನೋಡಿ. ಹರಿವೇ ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಕವಾಟದ ಮೋಟಾರು ತೆರೆದಿಲ್ಲ. ಹರಿವಿದ್ದು ಪಕ್ಕದ ಕೋಣೆ ಕಾಯುತ್ತಿದ್ದರೆ ಎರಡು ಥರ್ಮೋಸ್ಟಾಟುಗಳ ತಂತಿ ಅದಲುಬದಲಾಗಿದೆ. ಇದು ಬಹಳ ಸಾಮಾನ್ಯ, ಪೈಪಿಗೆ ಹೆಸರು ಬರೆದು ಅಂಟಿಸದ್ದರ ಫಲ. ಇಡೀ ಮನೆ ತಣ್ಣಗಿದ್ದು ಮರಳುವ ನೀರು ಹೋಗುವ ನೀರಿನಷ್ಟೇ ಬಿಸಿಯಿದ್ದರೆ ಶಾಖ ನೆಲದಿಂದ ಮೇಲೆ ಬರುತ್ತಿಲ್ಲ: ಜಮಖಾನ, ರಗ್ಗುಗಳನ್ನು ಎತ್ತಿ ನೋಡಿ. ಒತ್ತಡ ತಿಂಗಳು ತಿಂಗಳೂ ಇಳಿಯುತ್ತಿದ್ದರೆ ನೆಲ ಒಡೆಯುವ ಮೊದಲು ಮ್ಯಾನಿಫೋಲ್ಡಿನ ಜೋಡಣೆಗಳನ್ನೂ ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಗಾಳಿಯನ್ನೂ ಪರೀಕ್ಷಿಸಿ. ಆಮೇಲೆ ಒಂದೊಂದೇ ಸುತ್ತನ್ನು ಬೇರೆಯಾಗಿ ಒತ್ತಡಕ್ಕೆ ಹಾಕಿ.

ಹಳೆಯ ಮನೆಯ ಬಚ್ಚಲಿಗಷ್ಟೇ ಬೇಕೆನ್ನುವವರಿಗೆ ಟೈಲ್ಸ್ ಅಡಿಯ ವಿದ್ಯುತ್ ಮ್ಯಾಟ್ ಸಾಕು, ಚದರ ಮೀಟರಿಗೆ 150 ವ್ಯಾಟಿನದು. ಅದರ ಬಲೆ ಕತ್ತರಿಸಬಹುದು, ಬಿಸಿಯಾಗುವ ತಂತಿಯನ್ನು ಕತ್ತರಿಸಲೂ ಒಂದರ ಮೇಲೊಂದು ಹಾಯಿಸಲೂ ಕೂಡದು. ಹಾಸುವ ಮೊದಲು, ಹಾಸಿದ ಮೇಲೆ, ಟೈಲ್ಸ್ ಆದ ಮೇಲೆ, ಹೀಗೆ ಮೂರು ಸಲ ತಂತಿಯ ವಿದ್ಯುತ್ ರೋಧ ಅಳೆದು ಬರೆದಿಡಿ. ನೆಲದೊಳಗಿನ ಸೆನ್ಸರನ್ನು ಕೊಳವೆಯಲ್ಲಿ ಹಾಕಿದರೆ ಮುಂದೆ ಬದಲಿಸಬಹುದು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಡಿ ಸ್ವಿಚ್ ಕಡ್ಡಾಯ, ಸಂಪರ್ಕವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಕೊಡಬೇಕು. ಟೈಲ್ಸ್ ಅಂಟು ಪೂರ್ತಿ ಗಟ್ಟಿಯಾಗಲು ತಯಾರಕರು ಹೇಳಿದಷ್ಟು ದಿನ ಬಿಟ್ಟೇ ಸ್ವಿಚ್ ಹಾಕಿ. ವಿದ್ಯುತ್ ತಂತಿ ಹಾಸಿದ ಕೋಣೆಯಲ್ಲಿ ನೆಂಟರು ಬಂದಾಗ ನೆಲದ ಮೇಲೆ ಹಾಸಿಗೆ ಬಿಡಿಸುವುದಾದರೆ ಅಲ್ಲಿನ ಬಿಸಿಯನ್ನು ಆರಿಸಿಬಿಡಿ. ಹಾಸಿಗೆ ಮುಚ್ಚಿದ ಜಾಗದಲ್ಲಿ ಶಾಖ ಹೊರಬರಲಾಗದೆ ತಂತಿಯ ಬಿಸಿ ಏರುತ್ತಲೇ ಹೋಗುತ್ತದೆ, ಬೇರೆ ಕಡೆ ಇರುವ ಸೆನ್ಸರಿಗೆ ಅದು ತಿಳಿಯುವುದೇ ಇಲ್ಲ.